ಮನೆಯಲ್ಲೇ ಮಾಡಿದ ಬಿಯರ್ ಪೀಪಾಯಿ ಸೋರದಂತೆ ಮಾಡುವುದು ಹೇಗೆ?

ಮನೆಯಲ್ಲಿ ಬಿಯರ್ ತಯಾರಿಸಲು ಹೊಸದಾಗಿ ತೊಡಗಿದ ಓದುಗರು, ಅದರಲ್ಲೂ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು, ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಏರ್‌ಲಾಕಿನಲ್ಲಿ, ಅಂದರೆ ಅನಿಲ ಹೊರಹೋಗಲು ಮುಚ್ಚಳದಲ್ಲಿ ಕೂರಿಸುವ ನೀರು ತುಂಬಿದ ಸಾಧನದಲ್ಲಿ, ಗುಳ್ಳೆ ಏಳುತ್ತಿಲ್ಲ, ಹುದುಗಿಸುವ ಯೀಸ್ಟ್ ಸತ್ತಿದೆಯೇ? ನಲ್ಲಿಯ ಬುಡದಲ್ಲಿ ಜಿನುಗುತ್ತಿದೆ, ಸಿಲಿಕೋನ್ ಅಂಟು ಹಚ್ಚಬಹುದೇ? ಇಷ್ಟೆಲ್ಲ ತಾಪತ್ರಯದ ಬದಲು ಮುಚ್ಚಳವನ್ನು ಪೂರ್ತಿಯಾಗಿ ಬಿಗಿದುಬಿಟ್ಟರೆ ಆಗದೇ? ಈ ಮೂರೂ ಪ್ರಶ್ನೆಗಳು ಹುಟ್ಟುವುದು ಪೀಪಾಯಿಯ ಬಾಯಿ ಮತ್ತು ತೂತುಗಳನ್ನು ಸರಿಯಾಗಿ ಕೂರಿಸದೆ ಇರುವುದರಿಂದ. ಆದ್ದರಿಂದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ), ಯೀಸ್ಟ್‌ಗಳ ವಿಚಾರವನ್ನು ಬದಿಗಿಟ್ಟು, ಆಹಾರಕ್ಕೆ ಯೋಗ್ಯವಾದ ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಸೋರದ ಹುದುಗು ಪೀಪಾಯಿಯನ್ನಾಗಿ ಮಾಡುವ ಕ್ರಮವನ್ನಷ್ಟೇ ಇಲ್ಲಿ ವಿವರಿಸುತ್ತೇನೆ.

ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ 1978ರಲ್ಲಿ ಅಂಗೀಕಾರವಾಗಿ 1979ರ ಫೆಬ್ರುವರಿಯಿಂದ ಜಾರಿಗೆ ಬಂದ ಒಕ್ಕೂಟ ಕಾನೂನಿನ ಪ್ರಕಾರ, ಒಬ್ಬ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ತಯಾರಿಸಬಹುದು, ಮಾರುವಂತಿಲ್ಲ. ಬ್ರಿಟನ್ನಿನಲ್ಲಿ 1963ರಿಂದ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಕಿಲ್ಲ. ಈ ಎರಡೂ ದೇಶಗಳಲ್ಲಿ ಭಟ್ಟಿ ಇಳಿಸುವುದಕ್ಕೆ ಈ ಸಡಿಲಿಕೆ ಅನ್ವಯಿಸುವುದಿಲ್ಲ. ಕರ್ನಾಟಕದಲ್ಲಿರುವ ಓದುಗರು ಗಮನಿಸಬೇಕಾದದ್ದೇನೆಂದರೆ, 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದರೆ ಇದೇ ಪೀಪಾಯಿ ಉಪ್ಪುನೀರಿನಲ್ಲಿ ಹುದುಗುವ ಉಪ್ಪಿನಕಾಯಿಗೂ ತರಕಾರಿಗೂ ಒದಗುತ್ತದೆ. ಅಂಥ ಬಳಕೆಗೆ ಮುಂದಿನ ಹಂತಗಳೆಲ್ಲವೂ ಹಾಗೆಯೇ ಅನ್ವಯಿಸುತ್ತವೆ.

ಸೋರದಂತೆ ಮಾಡುವುದು ಎಂದರೇನು?

ರಾತ್ರಿ ಪಾತ್ರೆಯ ತುಂಬ ದೋಸೆ ಹಿಟ್ಟು ಹಾಕಿ ಬಿಗಿಯಾಗಿ ಮುಚ್ಚಿಟ್ಟವರಿಗೆ ಬೆಳಿಗ್ಗೆ ಏನಾಗಿರುತ್ತದೆಂದು ಗೊತ್ತು. ಬಿಯರಿನಲ್ಲಿ ಅದೇ ಕ್ರಿಯೆ ಹಲವು ಪಟ್ಟು ಜೋರಾಗಿ ನಡೆಯುತ್ತದೆ. ಒಂದು ಕಿಲೋ ಗ್ಲೂಕೋಸ್ ಪೂರ್ತಿಯಾಗಿ ಹುದುಗಿದರೆ ಸುಮಾರು 490 ಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದು 260 ಲೀಟರಿಗಿಂತ ಹೆಚ್ಚು ಜಾಗ ಬೇಡುವ ಅನಿಲ. ಇಪ್ಪತ್ತು ಲೀಟರ್ ಸಾಧಾರಣ ಬಿಯರಿನಲ್ಲಿ ಒಂದೂವರೆ ಕಿಲೋಗೂ ಮೀರಿದ ಸಕ್ಕರೆ ಹುದುಗುತ್ತದೆಂದರೆ, ನಾಲ್ಕು ನೂರು ಲೀಟರಿನಷ್ಟು ಅನಿಲ ಆ ಬಕೆಟ್ಟಿನಿಂದ ಹೊರಬರಲೇಬೇಕು. ಅದಕ್ಕೆ ದಾರಿ ಕೊಡದೆ ಮುಚ್ಚಳ ಬಿಗಿದರೆ ಮುಚ್ಚಳ ಹಾರುತ್ತದೆ, ಬಕೆಟ್ಟು ಬಿರಿಯುತ್ತದೆ. ಗಾಜಿನ ಪಾತ್ರೆಯಾದರೆ ಒಡೆದ ಚೂರುಗಳಿಂದ ಪ್ರಾಣಾಪಾಯವೂ ಉಂಟು. ಮೂರನೆಯ ಪ್ರಶ್ನೆಗೆ ಇಷ್ಟೇ ಉತ್ತರ: ಪೂರ್ತಿಯಾಗಿ ಎಂದೂ ಬಿಗಿಯಬೇಡಿ.

ನಮಗೆ ಬೇಕಿರುವುದು ಒಳಗಿನ ಅನಿಲ ಹೊರಹೋಗಲು ಒಂದೇ ಒಂದು ದಾರಿ, ಮತ್ತು ಆ ದಾರಿಯಲ್ಲಿ ಹೊರಗಿನ ಗಾಳಿ ಒಳಬರದಂತೆ ಒಂದು ನೀರಿನ ತಡೆ. ಏರ್‌ಲಾಕ್ ಎಂಬ ಪುಟ್ಟ ಸಾಧನದ ಕೆಲಸ ಇದೇ: ಅದರೊಳಗಿನ ಎರಡು ಮೂರು ಸೆಂಟಿಮೀಟರ್ ನೀರನ್ನು ತಳ್ಳಿಕೊಂಡು ಅನಿಲ ಗುಳ್ಳೆಗಳಾಗಿ ಹೊರಹೋಗುತ್ತದೆ. ಇಷ್ಟು ನೀರನ್ನು ತಳ್ಳಲು ಬೇಕಾದ ಒತ್ತಡ ತೀರ ಕಡಿಮೆ, ವಾತಾವರಣದ ಒತ್ತಡದ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ಹೀಗಾಗಿ ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಅನಿಲ ನೀರಿನ ದಾರಿಯನ್ನು ಬಿಟ್ಟು ಆ ಸಂದಿಯಲ್ಲೇ ಹೊರಟುಹೋಗುತ್ತದೆ, ಏರ್‌ಲಾಕಿನಲ್ಲಿ ಒಂದು ಗುಳ್ಳೆಯೂ ಕಾಣಿಸುವುದಿಲ್ಲ. ಗುಳ್ಳೆ ಇಲ್ಲದ ಬಹುಪಾಲು ಪೀಪಾಯಿಗಳಲ್ಲಿ ಯೀಸ್ಟ್ ಸತ್ತಿರುವುದಿಲ್ಲ, ಮುಚ್ಚಳ ಸೋರುತ್ತಿರುತ್ತದೆ.

ಹುದುಗು ಜೋರಾಗಿರುವ ಮೊದಲ ಮೂರು ನಾಲ್ಕು ದಿನ ಈ ಸೋರಿಕೆಯಿಂದ ಹೆಚ್ಚಿನ ಹಾನಿಯಿಲ್ಲ, ಏಕೆಂದರೆ ಅನಿಲ ಒಳಗಿನಿಂದ ಹೊರಕ್ಕೆ ನುಗ್ಗುತ್ತಿರುತ್ತದೆ. ಅಪಾಯ ಬರುವುದು ಹುದುಗು ತಣ್ಣಗಾದ ಮೇಲೆ. ಆಗ ಸಂದಿಯಿಂದ ಆಮ್ಲಜನಕ ಒಳಸೇರಿ ಬಿಯರಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಗಾಳಿ ಸಿಕ್ಕರೆ ಮದ್ಯಸಾರವನ್ನು ವಿನೆಗರ್ ಆಗಿಸುವ ಅಸಿಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹಣ್ಣಿನ ಮೇಲೆ ಕೂರುವ ಸಣ್ಣ ನೊಣಗಳು ಅದನ್ನು ಹೊತ್ತು ತರುತ್ತವೆ.

ಬೇಕಾಗುವ ಸಾಮಾನು

ಮುಚ್ಚಳದ ಒಳಅಂಚಿನಲ್ಲಿ ರಬ್ಬರಿನ ಉಂಗುರ, ಅಂದರೆ ಗ್ಯಾಸ್ಕೆಟ್, ಇರುವ ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಬಕೆಟ್ ಬೇಕು. ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಇದ್ದರೆ ಅದು ಎಚ್‌ಡಿಪಿಇ ಎಂದು ತಿಳಿಯುತ್ತದೆ. ಆದರೆ ಆ ಅಂಕಿ ಪ್ಲಾಸ್ಟಿಕ್ಕಿನ ಜಾತಿಯನ್ನು ಹೇಳುತ್ತದೆಯೇ ಹೊರತು ಅದು ಆಹಾರಕ್ಕೆ ಯೋಗ್ಯವೆಂದು ಹೇಳುವುದಿಲ್ಲ. ಯೋಗ್ಯತೆಗೆ ಲೋಟ ಮತ್ತು ಫೋರ್ಕಿನ ಗುರುತನ್ನೋ ತಯಾರಕರ ಸ್ಪಷ್ಟ ಬರಹವನ್ನೋ ನೋಡಬೇಕು. 19 ಲೀಟರ್ ಬಿಯರಿಗೆ ಸುಮಾರು 25 ಲೀಟರಿನ, 23 ಲೀಟರ್ ಬಿಯರಿಗೆ 30 ಲೀಟರಿನ ಬಕೆಟ್ ತೆಗೆದುಕೊಳ್ಳಿ. ಮೇಲೆ ಉಳಿಯುವ ಜಾಗ ನೊರೆಗೆ ಬೇಕು. ಬಣ್ಣ ತುಂಬಿದ್ದ ಬಕೆಟ್ಟನ್ನು ಎಷ್ಟು ತೊಳೆದರೂ ಬಳಸಬಾರದು. ಉಪ್ಪಿನಕಾಯಿ ತುಂಬಿದ್ದ ಬಕೆಟ್ಟು ವಿಷವೇನೂ ಅಲ್ಲ, ಆದರೆ ಅದರ ಗ್ಯಾಸ್ಕೆಟ್ ಹೀರಿಕೊಂಡ ಇಂಗು, ಸಾಸಿವೆಗಳ ವಾಸನೆ ಬಿಯರಿಗೆ ಖಂಡಿತ ಇಳಿಯುತ್ತದೆ.

ಇದರ ಜೊತೆಗೆ ಒಂದು ಏರ್‌ಲಾಕ್, ಅದನ್ನು ಮುಚ್ಚಳದಲ್ಲಿ ಕೂರಿಸಲು ಗ್ರಾಮೆಟ್ ಎಂಬ ತೋಡಿರುವ ರಬ್ಬರ್ ಬಳೆ, ಎರಡು ದಪ್ಪ ವಾಷರ್ ಮತ್ತು ನಟ್ ಇರುವ ಪ್ಲಾಸ್ಟಿಕ್ ನಲ್ಲಿ, ಡ್ರಿಲ್, ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತ ಹೋಗುವ ಸ್ಟೆಪ್ ಬಿಟ್, ಹರಿತವಾದ ಬ್ಲೇಡು, ನುಣುಪಾದ ಸ್ಯಾಂಡ್‌ಪೇಪರ್, ಆಹಾರ ಯೋಗ್ಯ ಸಿಲಿಕೋನ್ ಗ್ರೀಸ್ ಮತ್ತು ತೊಳೆದ ಮೇಲೆ ಬಳಸುವ ಸೋಂಕುನಿವಾರಕ ದ್ರವ ಇರಲಿ.

ಹಂತ 1: ಅಳತೆ ಹಾಕಿ ತೂತು ಕೊರೆಯಿರಿ

ನಲ್ಲಿಯ ತೂತಿನ ನಡುಬಿಂದು ತಳದಿಂದ ಐದಾರು ಸೆಂಟಿಮೀಟರ್ ಮೇಲಿರಲಿ. ಯೀಸ್ಟ್ ಮತ್ತು ಹಾಪ್ಸ್ ಸೇರಿ ತಳದಲ್ಲಿ ಕೂರುವ ಗಸಿ ಅದರ ಕೆಳಗೆ ಉಳಿಯಬೇಕು, ಒಳಗಿನ ನಟ್ ತಿರುಗಿಸಲು ಬೆರಳಿಗೂ ಜಾಗ ಇರಬೇಕು. ಬಕೆಟ್ಟಿನ ಗೋಡೆಯಲ್ಲಿ ಉಬ್ಬುಗೆರೆ, ಅಚ್ಚಿನ ಗುರುತು, ಅಕ್ಷರ ಇರುವ ಕಡೆ ತೂತು ಹಾಕಬೇಡಿ. ವಾಷರ್ ಕೂರುವ ಜಾಗ ಪೂರ್ತಿ ನುಣುಪಾಗಿರಬೇಕು. ಮಾರುಕಟ್ಟೆಯಲ್ಲಿ ಸಿಗುವ ನಲ್ಲಿಗಳಿಗೆ ಸಾಮಾನ್ಯವಾಗಿ 25 ಮಿಲಿಮೀಟರ್, ಏರ್‌ಲಾಕಿನ ಗ್ರಾಮೆಟ್ಟಿಗೆ ಸುಮಾರು 13 ಮಿಲಿಮೀಟರ್ ತೂತು ಸಾಕಾಗುತ್ತದೆ. ಆದರೂ ನೀವು ಕೊಂಡ ನಲ್ಲಿಯ ಮರೆಯ ಅಗಲವನ್ನೂ ಗ್ರಾಮೆಟ್ಟಿನ ತೋಡಿನ ಅಗಲವನ್ನೂ ಅಳೆದೇ ಕೊರೆಯಿರಿ. ಮರೆ ಎಂದರೆ ನಟ್ ಸುತ್ತಿಕೊಳ್ಳುವ ಸುರುಳಿ ಗೆರೆ.

ಗೋಡೆಯ ಒಳಬದಿಗೆ ಒಂದು ಮರದ ತುಂಡನ್ನು ಒತ್ತಿಹಿಡಿದು, ಡ್ರಿಲ್ಲನ್ನು ನಿಧಾನಗತಿಯಲ್ಲಿ ನಡೆಸಿ. ವೇಗ ಹೆಚ್ಚಾದರೆ ಪ್ಲಾಸ್ಟಿಕ್ ಕರಗಿ ತೂತು ಸೊಟ್ಟಗಾಗುತ್ತದೆ. ಒಂದು ಅಳತೆ ಚಿಕ್ಕದಾಗಿಯೇ ಕೊರೆದು, ನಲ್ಲಿಯನ್ನು ಹಿಡಿದು ನೋಡಿ, ಬೇಕಾದರೆ ಇನ್ನೊಂದು ಮೆಟ್ಟಿಲು ಹಿಗ್ಗಿಸಿ. ಕೊರೆದ ಮೇಲೆ ಅಂಚಿನಲ್ಲಿ ಉಳಿಯುವ ಸಿಬಿರನ್ನು ಬ್ಲೇಡಿನಿಂದ ಒಳಗೂ ಹೊರಗೂ ಕೆತ್ತಿ, ಸ್ಯಾಂಡ್‌ಪೇಪರಿನಿಂದ ತೂತಿನ ಅಂಚನ್ನಷ್ಟೇ ಉಜ್ಜಿ. ಬೆರಳಾಡಿಸಿದಾಗ ಏನೂ ತಾಕಬಾರದು. ನನ್ನ ಮೊದಲ ಪೀಪಾಯಿ ಸೋರಿದ್ದು ಹೀಗೆ ಉಳಿದುಹೋಗಿದ್ದ ಒಂದು ಸಿಬಿರಿನಿಂದ. ವಾಷರ್ ಬದಲಿಸಿದೆ, ನಲ್ಲಿ ಬದಲಿಸಿದೆ, ಕಾರಣ ಕಾಣಲು ಎರಡು ವಾರ ಬೇಕಾಯಿತು.

ತೂತು ದೊಡ್ಡದಾಗಿಬಿಟ್ಟರೆ ಅಂಟಿನಿಂದ ತುಂಬಿಸುವ ಯೋಚನೆ ಮಾಡಬೇಡಿ. ಎಚ್‌ಡಿಪಿಇ ಮೇಲೆ ಯಾವ ಸಾಮಾನ್ಯ ಅಂಟೂ ಹಿಡಿಯುವುದಿಲ್ಲ. ಇನ್ನೂ ದೊಡ್ಡ ಅಳತೆಯ ನಲ್ಲಿ ಹಾಕಿ, ಇಲ್ಲವೇ ಅದಕ್ಕೆ ರಬ್ಬರಿನ ಬಿರಡೆ ಬಡಿದು ಬೇರೆ ಜಾಗದಲ್ಲಿ ಹೊಸ ತೂತು ಕೊರೆಯಿರಿ.

ಹಂತ 2: ನಲ್ಲಿಯನ್ನು ಕೂರಿಸಿ

ಹೆಚ್ಚಿನವರು ಎಡವುವುದು ಇಲ್ಲಿ. ನಲ್ಲಿಯ ಸೋರಿಕೆಯನ್ನು ತಡೆಯುವುದು ಬಕೆಟ್ಟಿನ ಗೋಡೆಗೆ ಒತ್ತಿಕೊಂಡ ವಾಷರೇ ಹೊರತು ಮರೆಯಲ್ಲ. ನಲ್ಲಿ ಕೆಲಸದವರು ಬಳಸುವ ಬಿಳಿ ಟೇಪನ್ನು, ಅಂದರೆ ಟೆಫ್ಲಾನ್ ಟೇಪನ್ನು, ಎಷ್ಟು ಸುತ್ತು ಸುತ್ತಿದರೂ ಇಲ್ಲಿ ಪ್ರಯೋಜನವಿಲ್ಲ. ಒಂದು ಪೈಪು ಇನ್ನೊಂದರೊಳಗೆ ಮರೆಯಿಂದ ಬಿಗಿದುಕೊಳ್ಳುವ ಕೀಲಿಗೆ ಅದು ಸರಿ. ಬಕೆಟ್ಟಿನ ಗೋಡೆ ಬಾಗಿರುತ್ತದೆ, ನಲ್ಲಿಯ ತಟ್ಟೆ ಚಪ್ಪಟೆಯಾಗಿರುತ್ತದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ತುಂಬಲು ವಾಷರ್ ಮೂರು ಮಿಲಿಮೀಟರಿನಷ್ಟು ದಪ್ಪವಾಗಿಯೂ ಮೆತ್ತಗೂ ಇರಬೇಕು. ಗಟ್ಟಿಯಾದ ತೆಳು ವಾಷರ್ ಬಂದಿದ್ದರೆ ಅದನ್ನು ಬಿಟ್ಟು ಆಹಾರ ಯೋಗ್ಯ ಸಿಲಿಕೋನಿನದನ್ನು ಕೊಳ್ಳಿ.

ನಲ್ಲಿಗೆ ಒಂದು ವಾಷರ್ ತೊಡಿಸಿ ಹೊರಗಿನಿಂದ ತೂರಿಸಿ, ಒಳಗಿನಿಂದ ಇನ್ನೊಂದು ವಾಷರ್ ಹಾಕಿ, ಮೇಲೆ ನಟ್ ಸುತ್ತಿ. ಬಿಗಿಯುವಾಗ ಹೊರಗಿನ ನಲ್ಲಿಯನ್ನು ಅಲುಗದಂತೆ ಹಿಡಿದು ಒಳಗಿನ ನಟ್ಟನ್ನು ಮಾತ್ರ ತಿರುಗಿಸಬೇಕು. ನಲ್ಲಿಯನ್ನೇ ತಿರುಗಿಸಿದರೆ ವಾಷರ್ ಸುರುಟಿಕೊಂಡು ಒಂದು ಬದಿಗೆ ಸರಿಯುತ್ತದೆ. ಕೈಯಿಂದ ಬಿಗಿಯಾಗುವಷ್ಟು ಬಿಗಿದು, ಅಲ್ಲಿಂದ ಕಾಲು ಸುತ್ತು ಮುಂದೆ ಹೋದರೆ ಸಾಕು. ಸೋರಿದರೆ ಇನ್ನಷ್ಟು ಬಿಗಿಯಬೇಕು ಎಂಬ ಸಹಜ ಪ್ರವೃತ್ತಿಯನ್ನು ದಯವಿಟ್ಟು ತಡೆದುಕೊಳ್ಳಿ. ಅತಿಯಾಗಿ ಬಿಗಿದ ವಾಷರ್ ಹಿಂಡಿಕೊಂಡು ಹೊರಚಾಚುತ್ತದೆ, ಪ್ಲಾಸ್ಟಿಕ್ ನಟ್ಟಿನ ಮರೆ ಕಿತ್ತುಹೋಗುತ್ತದೆ, ಸೋರಿಕೆ ಮೊದಲಿಗಿಂತ ಹೆಚ್ಚಾಗುತ್ತದೆ.

ಸಿಲಿಕೋನ್ ಹಚ್ಚುವ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದೇ. ಸ್ನಾನದ ಕೋಣೆಗೆಂದು ಮಾರುವ ಸಿಲಿಕೋನಿನಲ್ಲಿ ಬೂಸ್ಟು ತಡೆಯುವ ವಿಷವಸ್ತು ಬೆರೆಸಿರುವುದುಂಟು, ಅದು ಕುಡಿಯುವ ಪದಾರ್ಥಕ್ಕೆ ತಗಲಬಾರದು. ಆಹಾರ ಯೋಗ್ಯವಾದ ಸಿಲಿಕೋನ್ ಅಂಟು ಸಿಗುತ್ತದೆ, ನಿಜ. ಆದರೆ ಅದನ್ನು ಹಚ್ಚಿದ ನಲ್ಲಿಯನ್ನು ಮತ್ತೆ ಬಿಚ್ಚಿ ತೊಳೆಯಲಾಗುವುದಿಲ್ಲ, ತೊಳೆಯದ ನಲ್ಲಿಯ ಹಿಂದೆ ಹುಳಿಯ ಬ್ಯಾಕ್ಟೀರಿಯಾಗಳು ಮನೆಮಾಡುತ್ತವೆ. ಎಪಾಕ್ಸಿ, ಅಂದರೆ ಎರಡು ಮುದ್ದೆಗಳನ್ನು ಕಲಸಿ ಹಚ್ಚುವ ಗಟ್ಟಿ ಅಂಟು, ಇಲ್ಲಿ ಸರ್ವಥಾ ಸಲ್ಲದು.

ಹಂತ 3: ಮುಚ್ಚಳ ಮತ್ತು ಏರ್‌ಲಾಕ್

ಮುಚ್ಚಳದ ನಡುವಿಗಿಂತ ಸ್ವಲ್ಪ ಬದಿಗೆ, ಚಪ್ಪಟೆ ಜಾಗದಲ್ಲಿ, ಗ್ರಾಮೆಟ್ಟಿನ ತೂತು ಕೊರೆಯಿರಿ. ಗ್ರಾಮೆಟ್ಟನ್ನು ಮುಚ್ಚಳಕ್ಕೆ ಮೊದಲು ಕೂರಿಸಿ, ಆಮೇಲೆ ಏರ್‌ಲಾಕಿನ ಕಾಲನ್ನು ನೀರಿನಲ್ಲಿ ಅದ್ದಿ, ತಿರುಗಿಸುತ್ತ ನಿಧಾನವಾಗಿ ಇಳಿಸಿ. ಒಂದೇ ಏಟಿಗೆ ಒತ್ತಿದರೆ ಗ್ರಾಮೆಟ್ ಕಳಚಿಕೊಂಡು ಬಿಯರಿನೊಳಗೆ ಬೀಳುತ್ತದೆ. ತುಂಬಿದ ಬಕೆಟ್ಟಿನಿಂದ ಅದನ್ನು ಹೊರತೆಗೆಯುವುದು ಸುಖದ ಕೆಲಸವಲ್ಲ. ಆದ್ದರಿಂದ ಈ ಕೂಡಿಸುವ ಕೆಲಸವನ್ನು ಯಾವಾಗಲೂ ಮುಚ್ಚಳ ಕೈಯಲ್ಲಿರುವಾಗಲೇ ಮುಗಿಸಿ.

ಗ್ಯಾಸ್ಕೆಟ್ಟನ್ನು ತೋಡಿನಿಂದ ಹೊರತೆಗೆದು ಬಿರುಕು, ತಿರುಚು, ಅಂಟಿದ ಧೂಳು ಇದೆಯೇ ನೋಡಿ. ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಲ್ಲಿ ಚೂರೇ ಚೂರು ತೆಗೆದುಕೊಂಡು ಉಂಗುರದ ಸುತ್ತ ಸವರಿದರೆ ಅದು ಸಮನಾಗಿ ಕೂರುತ್ತದೆ. ವ್ಯಾಸಲೀನಿನಂಥ ಪೆಟ್ರೋಲಿಯಂ ಜೆಲ್ಲಿಯನ್ನು ಹಚ್ಚಬಾರದು, ಅದರಿಂದ ರಬ್ಬರ್ ಉಬ್ಬಿ ಕೆಲವೇ ಬಳಕೆಗಳಲ್ಲಿ ಹಾಳಾಗುತ್ತದೆ. ಗ್ಯಾಸ್ಕೆಟ್ ಇಲ್ಲದ ಮುಚ್ಚಳಕ್ಕೆ ಬಾಗಿಲು ಸಂದಿಗೆ ಅಂಟಿಸುವ ಸ್ಪಂಜಿನ ಪಟ್ಟಿಯನ್ನು ಹಾಕುವವರಿದ್ದಾರೆ. ಸ್ಪಂಜಿನ ಒಳಗೆ ಸೇರಿದ ತೇವವನ್ನು ಯಾವ ದ್ರವವೂ ಸ್ವಚ್ಛಗೊಳಿಸಲಾರದು. ಗ್ಯಾಸ್ಕೆಟ್ ಇರುವ ಮುಚ್ಚಳವನ್ನೇ ಬೇರೆಯಾಗಿ ಕೊಳ್ಳುವುದು ಮೇಲು. ಮುಚ್ಚಳ ಹಾಕುವಾಗ ಎದುರೆದುರು ಬದಿಗಳನ್ನು ಒಂದಾದ ಮೇಲೊಂದರಂತೆ ಒತ್ತುತ್ತ ಸುತ್ತು ಬನ್ನಿ, ಪ್ರತಿಯೊಂದು ಕಡೆಯೂ ಟಕ್ಕೆಂದು ಕೂತದ್ದು ಕೇಳಿಸಬೇಕು.

ಹಂತ 4: ನೀರಿನ ಪರೀಕ್ಷೆ

ಬಕೆಟ್ಟನ್ನು ಒಣ ದಿನಪತ್ರಿಕೆಯ ಮೇಲಿಟ್ಟು, ಬಿಯರ್ ನಿಲ್ಲುವ ಮಟ್ಟದವರೆಗೂ ನೀರು ತುಂಬಿ, 24 ಗಂಟೆ ಬಿಡಿ. ಅರ್ಧ ಮಾತ್ರ ತುಂಬಿ ಪರೀಕ್ಷಿಸುವುದು ತಪ್ಪು, ಏಕೆಂದರೆ ಇಪ್ಪತ್ತು ಕಿಲೋ ಭಾರಕ್ಕೆ ಗೋಡೆ ಸ್ವಲ್ಪ ಉಬ್ಬಿದಾಗಲೇ ಕೆಲವು ಸೋರಿಕೆಗಳು ಕಾಣಿಸಿಕೊಳ್ಳುತ್ತವೆ. ಕಾಗದದಲ್ಲಿ ಒದ್ದೆಯ ಕಲೆ ಕಂಡರೆ ಅದು ವಾಷರಿನ ಸುತ್ತಲಿಂದ ಬಂದದ್ದೇ ಅಥವಾ ನಲ್ಲಿಯ ಬಾಯಿಯಿಂದ ತೊಟ್ಟಿಕ್ಕಿದ್ದೇ ಎಂದು ಒಣಬಟ್ಟೆಯಿಂದ ಒರೆಸಿ ಗುರುತಿಸಿ. ಮೊದಲನೆಯದಾದರೆ ನೀರು ಚೆಲ್ಲಿ, ನಲ್ಲಿ ಬಿಚ್ಚಿ, ಅಂಚನ್ನು ಮತ್ತೆ ನುಣುಪಾಗಿಸಿ ಹೊಸದಾಗಿ ಕೂರಿಸಿ. ಎರಡನೆಯದಾದರೆ ನಲ್ಲಿಯೇ ಕೆಟ್ಟಿದೆ, ಬದಲಿಸಿ.

ಹಂತ 5: ಗಾಳಿಯ ಪರೀಕ್ಷೆ

ನೀರು ಸೋರದ ಬಕೆಟ್ಟಿನಿಂದ ಅನಿಲ ಸೋರಬಹುದು, ಆದ್ದರಿಂದ ಇದು ಬೇರೆಯೇ ಪರೀಕ್ಷೆ. 45 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬೆಚ್ಚಗಿರುವ ನೀರನ್ನು ಮೂರು ಲೀಟರ್ ಹಾಕಿ, ಮುಚ್ಚಳ ಕೂರಿಸಿ, ಏರ್‌ಲಾಕಿಗೆ ಅದರ ಗೆರೆಯವರೆಗೆ ನೀರು ತುಂಬಿ. ಒಳಗಿನ ಗಾಳಿ ಕಾದು ಹಿಗ್ಗಿ ಒಂದೆರಡು ನಿಮಿಷ ಗುಳ್ಳೆ ಬರಬೇಕು. ನೀರು ತಣಿಯುತ್ತ ಬಂದಂತೆ ಗಾಳಿ ಕುಗ್ಗಿ ಏರ್‌ಲಾಕಿನ ನೀರು ಒಳಬದಿಗೆ ಏರಬೇಕು. ಇಂಗ್ಲಿಷಿನ ಎಸ್ ಆಕಾರದ ಏರ್‌ಲಾಕಿನಲ್ಲಿ ಈ ಏರಿಳಿತ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಪರೀಕ್ಷೆಗೆ ಅದನ್ನೇ ಬಳಸಿ. ಎರಡು ಬದಿಯ ನೀರಿನ ಮಟ್ಟದಲ್ಲಿ ವ್ಯತ್ಯಾಸ ಅರ್ಧ ಗಂಟೆಯಾದರೂ ಉಳಿದರೆ ನಿಮ್ಮ ಪೀಪಾಯಿ ಸೋರುವುದಿಲ್ಲ. ಗುಳ್ಳೆಯೇ ಬರದಿದ್ದರೆ, ಅಥವಾ ಮಟ್ಟ ತಾನಾಗಿ ಸಮವಾಗಿಬಿಟ್ಟರೆ, ಸೋಪಿನ ನೀರನ್ನು ಮುಚ್ಚಳದ ಅಂಚಿಗೂ ಗ್ರಾಮೆಟ್ಟಿನ ಸುತ್ತಲೂ ಬಳಿದು ಮುಚ್ಚಳದ ನಡುವನ್ನು ಮೆಲ್ಲಗೆ ಒತ್ತಿ. ನೊರೆ ಉಬ್ಬಿದ ಜಾಗವೇ ಸೋರುವ ಜಾಗ.

ಹಂತ 6: ತೊಳೆದು ತುಂಬುವುದು

ನಲ್ಲಿ, ವಾಷರ್, ಗ್ಯಾಸ್ಕೆಟ್, ಗ್ರಾಮೆಟ್ ಎಲ್ಲವನ್ನೂ ಬಿಚ್ಚಿ ಮೆತ್ತನೆಯ ಬಟ್ಟೆಯಿಂದ ತೊಳೆಯಿರಿ. ಪಾತ್ರೆ ಉಜ್ಜುವ ಒರಟು ನಾರು ಪ್ಲಾಸ್ಟಿಕ್ಕಿನಲ್ಲಿ ಗೀರು ಮೂಡಿಸುತ್ತದೆ, ಗೀರಿನಲ್ಲಿ ಬ್ಯಾಕ್ಟೀರಿಯಾ ಉಳಿಯುತ್ತದೆ. ಆಮೇಲೆ ಸೋಂಕುನಿವಾರಕದಲ್ಲಿ ಅದರ ಚೀಟಿಯಲ್ಲಿ ಹೇಳಿದ ಅಳತೆ ಮತ್ತು ಸಮಯದಂತೆ ಅದ್ದಿ. ಕ್ಲೋರಿನ್ ಬ್ಲೀಚನ್ನು ಆಮ್ಲದ ಸೋಂಕುನಿವಾರಕದ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ವರ್ಟ್, ಅಂದರೆ ಹುದುಗುವ ಮುನ್ನಿನ ಮಾಲ್ಟ್ ಕಷಾಯ, 20 ಡಿಗ್ರಿಯ ಆಸುಪಾಸಿಗೆ ತಣಿದ ಮೇಲೆಯೇ ಬಕೆಟ್ಟಿಗೆ ಸುರಿಯಿರಿ. ಕುದಿಯುವುದನ್ನು ಸುರಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಬಾಯಿಯ ಅಂಚು ವಕ್ರವಾಗುತ್ತದೆ, ನಲ್ಲಿಯ ಬಿಗಿ ಸಡಿಲವಾಗುತ್ತದೆ. ನೀವು ಮಾಡಿದ ಪರೀಕ್ಷೆಗಳೆಲ್ಲ ವ್ಯರ್ಥ. ಏರ್‌ಲಾಕಿಗೆ ಕುದಿಸಿ ಆರಿಸಿದ ನೀರನ್ನೋ ಸೋಂಕುನಿವಾರಕವನ್ನೋ ಗೆರೆಯವರೆಗೆ ಮಾತ್ರ ತುಂಬಿ, ನಲ್ಲಿಯ ಬಾಯಿಗೆ ಸೋಂಕುನಿವಾರಕ ಚಿಮುಕಿಸಿದ ಪುಟ್ಟ ಪ್ಲಾಸ್ಟಿಕ್ ಚೀಲ ಕಟ್ಟಿ. ಪೀಪಾಯಿಯನ್ನು ಗಾಳಿಯಾಡುವ ಕೋಣೆಯಲ್ಲಿಡಿ.

ತುಂಬಿದ ಮೇಲೆ ಬರುವ ತೊಂದರೆಗಳು

ಹುದುಗು ಬಿರುಸಾಗಿ ನೊರೆ ಏರ್‌ಲಾಕಿನೊಳಗೆ ನುಗ್ಗಿದರೆ ಅದು ಒಣಗಿ ದಾರಿ ಕಟ್ಟುತ್ತದೆ, ಆಗ ಪೂರ್ತಿ ಬಿಗಿದ ಮುಚ್ಚಳದ ಅಪಾಯವೇ ಎದುರಾಗುತ್ತದೆ. ಏರ್‌ಲಾಕನ್ನು ತೆಗೆದು, ಗ್ರಾಮೆಟ್ಟಿಗೆ ಬಿಗಿಯಾಗಿ ಹೊಂದುವ ಕೊಳವೆಯನ್ನು ತೂರಿಸಿ, ಅದರ ಇನ್ನೊಂದು ತುದಿಯನ್ನು ಸೋಂಕುನಿವಾರಕ ತುಂಬಿದ ಪಾತ್ರೆಯಲ್ಲಿ ಮುಳುಗಿಸಿಡಿ. ನೊರೆ ಇಳಿದ ಮೇಲೆ ತೊಳೆದ ಏರ್‌ಲಾಕನ್ನು ಮರಳಿ ಹಾಕಬಹುದು.

ಗುಳ್ಳೆ ನಿಂತಿತೆಂದು ಮುಚ್ಚಳ ತೆರೆದು ಇಣುಕಬೇಡಿ. ಹುದುಗು ಮುಗಿದಿದೆಯೇ ಎಂಬುದನ್ನು ಹೇಳುವುದು ಹೈಡ್ರೋಮೀಟರ್, ಅಂದರೆ ದ್ರವದ ಸಾಂದ್ರತೆ ಅಳೆಯುವ ತೇಲುವ ಗಾಜಿನ ಕಡ್ಡಿ. ನಲ್ಲಿಯಿಂದ ಸ್ವಲ್ಪ ಹಿಡಿದು ಅಳೆಯಿರಿ, ಎರಡು ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಬದಲಾಗದಿದ್ದರೆ ಮುಗಿದಿದೆ. ಏರ್‌ಲಾಕಿನ ನೀರು ಒಳಗೆ ಎಳೆದುಕೊಳ್ಳದಂತೆ, ನಲ್ಲಿ ತೆರೆಯುವ ಮುನ್ನ ಅದನ್ನು ತೆಗೆದು, ಸೋಂಕುನಿವಾರಕದಲ್ಲಿ ಅದ್ದಿದ ಹತ್ತಿಯನ್ನು ತೂತಿನ ಮೇಲೆ ಸಡಿಲವಾಗಿಡಿ. ಬಿಯರ್ ತಿಳಿಯಾಗಲೆಂದು ಬಕೆಟ್ಟನ್ನು ಫ್ರಿಜ್ಜಿನಲ್ಲಿಡುವವರಿಗೂ ಇದೇ ಎಚ್ಚರಿಕೆ: 20 ಡಿಗ್ರಿಯಿಂದ 2 ಡಿಗ್ರಿಗೆ ಇಳಿದರೆ ಮೇಲಿನ ಅನಿಲದ ಗಾತ್ರ ನೂರಕ್ಕೆ ಆರರಷ್ಟು ಕುಗ್ಗುತ್ತದೆ, ಜೊತೆಗೆ ತಣ್ಣನೆಯ ಬಿಯರು ಇನ್ನಷ್ಟು ಅನಿಲವನ್ನು ಕರಗಿಸಿಕೊಳ್ಳುತ್ತದೆ. ಏರ್‌ಲಾಕಿನಲ್ಲಿ ಕೊಳಕು ನೀರಿದ್ದರೆ ಅದು ನಿಮ್ಮ ಬಿಯರಿಗೇ ಸೇರುವುದು.

ಹುದುಗಿನ ನಡುವೆ ಮುಚ್ಚಳ ಸೋರುತ್ತಿರುವುದು ಗೊತ್ತಾದರೆ ಗಾಬರಿಯಾಗಿ ಬಿಚ್ಚಿ ಸರಿಪಡಿಸಲು ಹೋಗಬೇಡಿ. ಅಂಚನ್ನು ಸುತ್ತಲೂ ಮತ್ತೊಮ್ಮೆ ಒತ್ತಿ, ಅಷ್ಟಕ್ಕೂ ನಿಲ್ಲದಿದ್ದರೆ ಹಾಗೆಯೇ ಬಿಟ್ಟು, ಹೈಡ್ರೋಮೀಟರಿನ ಅಂಕಿ ನಿಂತ ಕೂಡಲೇ ತಡಮಾಡದೆ ಬಾಟಲಿಗೆ ತುಂಬಿ. ಸೋರದ ಬಕೆಟ್ಟಿನಲ್ಲೂ ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಇಡದಿರುವುದು ಒಳ್ಳೆಯದು, ಏಕೆಂದರೆ ಎಚ್‌ಡಿಪಿಇ ಗೋಡೆಯ ಮೂಲಕವೇ ಆಮ್ಲಜನಕ ನಿಧಾನವಾಗಿ ಒಳಸೇರುತ್ತದೆ. ತಿಂಗಳುಗಟ್ಟಲೆ ಇಡುವ ಬಿಯರಿಗೆ ಗಾಜು ಇಲ್ಲವೇ ಸ್ಟೀಲೇ ಬೇಕು.

ಮರದ ಪೀಪಾಯಿಯಾದರೆ

ಓಕ್ ಮರದ ಸಣ್ಣ ಪೀಪಾಯಿಯ ಬಗ್ಗೆಯೂ ಕೆಲವರು ಕೇಳಿದ್ದಾರೆ. ಅದರ ಕ್ರಮ ಪೂರ್ತಿ ಬೇರೆ. ಅದರ ಹಲಗೆಗಳ ನಡುವೆ ಅಂಟಿರುವುದಿಲ್ಲ. ನೀರು ಕುಡಿದು ಮರ ಉಬ್ಬಿದಾಗ ಹಲಗೆಗಳು ಒಂದಕ್ಕೊಂದು ಒತ್ತಿಕೊಂಡು ಸಂದಿ ಮುಚ್ಚುತ್ತದೆ. ಒಣಗಿದ ಪೀಪಾಯಿ ಮೊದಲು ಜೋರಾಗಿಯೇ ಸೋರುತ್ತದೆ, ಹೆದರಬೇಕಿಲ್ಲ. ಬಿಸಿನೀರು ತುಂಬಿ, ಇಳಿದಷ್ಟನ್ನು ಮತ್ತೆ ತುಂಬುತ್ತ ಒಂದೆರಡು ದಿನ ಬಿಡಿ. ಕಬ್ಬಿಣದ ಬಳೆಗಳು ಸಡಿಲವಾಗಿದ್ದರೆ ನೀರು ತುಂಬುವ ಮುನ್ನವೇ ನಡುಭಾಗದ ಕಡೆಗೆ ಬಡಿದು ಬಿಗಿಮಾಡಿ. ಆಮೇಲೂ ಜಿನುಗುವ ಒಂದೆರಡು ಜಾಗಗಳಿದ್ದರೆ ಹೊರಮೈಯನ್ನು ಒಣಗಿಸಿ ಜೇನುಮೇಣವನ್ನು ತೀಡಿ. ಮೂರು ದಿನವಾದರೂ ಧಾರೆಯಾಗಿ ಸೋರುತ್ತಿದ್ದರೆ ಆ ಪೀಪಾಯಿ ಮನೆಯಲ್ಲಿ ರಿಪೇರಿಯಾಗುವಂಥದ್ದಲ್ಲ.

ಬಳಸಿದ ನಂತರ

ಬಾಟಲಿಗೆ ತುಂಬಿದ ದಿನವೇ ನಲ್ಲಿಯನ್ನು ಬಿಚ್ಚಿ, ಮರೆಯ ಗೆರೆಗಳಲ್ಲಿ ಸಿಕ್ಕ ಗಸಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯಿರಿ. ಗ್ಯಾಸ್ಕೆಟ್ಟನ್ನು ಮುಚ್ಚಳದಿಂದ ಬೇರ್ಪಡಿಸಿ ನೆರಳಿನಲ್ಲಿ ಒಣಗಿಸಿ, ಮುಚ್ಚಳವನ್ನು ಬಕೆಟ್ಟಿನ ಮೇಲೆ ಸಡಿಲವಾಗಿ ಇಟ್ಟಿರಿ. ಬಿಗಿದಿಟ್ಟರೆ ಉಂಗುರ ಒತ್ತಿಕೊಂಡೇ ಉಳಿದು ಚಪ್ಪಟೆಯಾಗುತ್ತದೆ. ವಾಷರಿನಲ್ಲಿ ಒತ್ತಿನ ಗೆರೆ ಮೂಡಿ ಅದು ಮತ್ತೆ ಉಬ್ಬದಿದ್ದರೆ, ಹುಳಿವಾಸನೆ ಬಿಸಿನೀರಿಗೂ ಹೋಗದಿದ್ದರೆ, ಅದನ್ನು ಎಸೆದು ಹೊಸದನ್ನು ಹಾಕಿ, ಮುಂದಿನ ಬಿಯರಿಗೆ ಮೊದಲು ನಾಲ್ಕು ಮತ್ತು ಐದನೆಯ ಹಂತದ ಪರೀಕ್ಷೆಗಳನ್ನು ಮತ್ತೆ ಮಾಡಿ.